ಬಿಲ್ಲೆ ಜೋಡಿಸುವ ಮನೆ

ಕಾರ್ಖಾನೆಯಿಂದ ಮನೆಗಳಿಗೆ ಕೆಲಸ ಹಂಚುವ ಚಾಂಗಿಯ ಮೂರು ಚಕ್ರದ ಗಾಡಿ ಓಣಿಯ ತಿರುವಿನಲ್ಲಿ ಸದ್ದು ಮಾಡಿತೆಂದರೆ ಕುಯ್‌ಲುವಾನ್ ಗಂಜಿಯ ಬಟ್ಟಲನ್ನು ಅರ್ಧಕ್ಕೇ ಬಿಟ್ಟು ಎದ್ದುಬಿಡುತ್ತಿದ್ದಳು. ತಡವಾದರೆ ಎದುರುಮನೆಯವಳು ದೊಡ್ಡ ಬಿಲ್ಲೆಗಳ ಚೀಲ ಎತ್ತಿಕೊಂಡು ಇವಳ ಪಾಲಿಗೆ ಸಣ್ಣ ತ್ರಿಕೋನಗಳನ್ನು ಉಳಿಸುತ್ತಿದ್ದಳು. ಚೆಂಗ್‌ಹಾಯ್ ಸೀಮೆಯ ಆ ಊರಿನಲ್ಲಿ ಗದ್ದೆಗಳ ಮೇಲೆ ಆಟಿಕೆ ಕಾರ್ಖಾನೆಗಳು ಎದ್ದು ಎಷ್ಟೋ ಕಾಲವಾಗಿತ್ತು. ಅಚ್ಚಿನಿಂದ ಬಂದ ಬಣ್ಣಬಣ್ಣದ ಪ್ಲಾಸ್ಟಿಕ್ ಬಿಲ್ಲೆಗಳು ಅಂಚಿನೊಳಗೆ ಮ್ಯಾಗ್ನೆಟ್ ಅಡಗಿಸಿಕೊಂಡು, ಒಂದರೊಳಗೊಂದು ಕಲೆತು, ಚೀಲಗಳಲ್ಲಿ ಮನೆಮನೆಗೆ ಬರುತ್ತಿದ್ದವು. ಆಕಾರ, ಬಣ್ಣ ನೋಡಿ ಬೇರ್ಪಡಿಸಿ, ಗುಳಿಗಳಿರುವ ತಟ್ಟೆಗಳಲ್ಲಿ ಕೂರಿಸಿ, ಮುಚ್ಚಳ ಒತ್ತಿ ಒಪ್ಪಿಸುವುದು ಮನೆಯವರ ಕೆಲಸ. ಯಾವ ಯಾವುದೋ ದೇಶದ ಮಕ್ಕಳು ಅವನ್ನು ತೆಗೆದು ಮನೆ, ಸೇತುವೆ ಕಟ್ಟಿ ಬುದ್ಧಿ ಕಲಿಯುತ್ತಾರಂತೆ. ತಟ್ಟೆಯಲ್ಲಿ ಒಂದು ಬಿಲ್ಲೆ ಕಡಿಮೆಯಾದರೂ ಚೀಲಕ್ಕೆ ಚೀಲವೇ ವಾಪಸು ಬರುತ್ತಿತ್ತು.

ಹೀಗಾಗಿ ಆ ಮನೆಯಲ್ಲಿ ಮೊಮ್ಮಗಳು ಆತಾಂಗ್ ಬಿಲ್ಲೆಗಳನ್ನು ಮುಟ್ಟುವಂತಿರಲಿಲ್ಲ. ಐದು ತುಂಬಿ ಆರಕ್ಕೆ ಬಿದ್ದಿದ್ದ ಹುಡುಗಿ. ಮಾತು ಇನ್ನೂ ಬಂದಿರಲಿಲ್ಲ. ಬೇಕಾದದ್ದಿದ್ದರೆ ದೊಡ್ಡವರ ಬೆರಳು ಹಿಡಿದು ಎಳೆದುಕೊಂಡು ಹೋಗಿ ಅದರ ಮುಂದೆ ನಿಲ್ಲಿಸುತ್ತಿದ್ದಳು. ಬಿಲ್ಲೆಯ ಕಡೆ ಕೈ ಹೋದಾಗಲೆಲ್ಲ ಅಜ್ಜಿಯ ಪೆಟ್ಟು ಬಿದ್ದು ಬಿದ್ದು, ಈಗ ಮೇಜಿನಿಂದ ದೂರ, ಹೊಸ್ತಿಲ ಮೇಲೆ ಕೂತು ನೋಡುವುದನ್ನು ರೂಢಿ ಮಾಡಿಕೊಂಡಿದ್ದಳು.

ಪೇಟೆಯ ಶಿಶುವಿಹಾರಕ್ಕೆ ಹೋಗಿ ಬಂದ ದಿನ ಸೊಸೆ ಯುನ್‌ಜಿ ಊಟಕ್ಕೆ ಕೂತಾಗಲೇ ಮಾತು ತೆಗೆದಳು.

"ಟೀಚರ್ ಒಂದು ದಾರಿ ಹೇಳಿದ್ರು, ಆಮಾ. ಇವಳ ಕೈಗೆ ಸಾಮಾನು ಕೊಡಿ, ಕೈಯಿಂದ ಕಟ್ಟಿ ಕೆಡವಿ ಕಲೀಲಿ, ಕೈ ಓಡಿದ್ರೆ ಮಾತೂ ಬರಬಹುದು ಅಂದ್ರು. ನಾವು ಮಾಡ್ತೀವಲ್ಲ, ಇದೇ ಬಿಲ್ಲೆಗಳು. ಅಲ್ಲಿ ಮಕ್ಕಳ ಮೂಲೇಲಿ ಬುಟ್ಟಿ ತುಂಬ ಇಟ್ಟಿದ್ದಾರೆ."

ಮೊಮ್ಮಗಳು ಹುಟ್ಟಿದಂದಿನಿಂದ ಮನೆಯವರೆಲ್ಲ ಕುಯ್‌ಲುವಾನಳನ್ನು ಆಮಾ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದರು. ಅವಳು ಒಣಮೂಲಂಗಿಯ ಚೂರನ್ನು ಗಂಜಿಯಲ್ಲಿ ಅದ್ದುತ್ತ ಕೇಳಿದಳು.

"ಸೇರಿಸಿಕೊಳ್ತಾರಂತೋ ಇಲ್ವೋ, ಅದು ಹೇಳು."

"ಚಳಿಗಾಲದ ಹಬ್ಬ ಆದ್ಮೇಲೆ ಕರ್ಕೊಂಡು ಬನ್ನಿ ಅಂದಿದ್ದಾರೆ. ಒಂದು ಬೆಳಿಗ್ಗೆ ಬೇರೆ ಮಕ್ಕಳ ಜೊತೆ ಕೂರಿಸಿ ನೋಡ್ತಾರಂತೆ. ಕೂಡಿ ಆಡಿದ್ರೆ ಸೇರಿಸಿಕೊಳ್ತಾರೆ. ಇಲ್ಲಿ ಒಂದು ವರ್ಷ ಕೂತಿದ್ರೆ ಮುಂದೆ ಊರ ಶಾಲೇಲೂ ಬೇಡ ಅನ್ನಲ್ಲ. ಇದೇ ಕೊನೆ. ಇನ್ನೊಂದು ವರ್ಷ ಹೋದ್ರೆ ವಯಸ್ಸು ಮೀರತ್ತೆ."

"ಮಾತು ಬರದೇ ಇರೋದು ಬಿಲ್ಲೆ ಇಲ್ದೆ ಅಲ್ಲ. ನೀನು ನಿಮ್ಮ ಬೆಟ್ಟದ ಭಾಷೆ ಆಡ್ತೀಯ, ನಾನು ನಮ್ಮ ಭಾಷೆ, ನಿನ್ನ ಗಂಡ ಟಿವಿ ಭಾಷೆ. ಕೂಸು ಯಾವುದು ಅಂತ ಹಿಡೀಬೇಕು?"

"ಹೆಬ್ಬಾತುಗಳ ಭಾಷೆ ಹಿಡಿದಿದೆ ಬಿಡು," ಎಂದ ಕುಯ್‌ಲುವಾನಳ ಗಂಡ, ಮುದುಕ ಬಾಕ್‌ಸೆಂಗ್. ಹಿತ್ತಲ ಕೊಳದಲ್ಲಿ ಅವನು ಸಿಂಹದ ತಲೆ ಎಂಬ ತಳಿಯ ಹೆಬ್ಬಾತು ಸಾಕುತ್ತಿದ್ದ. ಮೊಮ್ಮಗಳು ದಿನದ ಅರ್ಧ ಭಾಗ ಅವನ ಹಿಂದೆ ಅಲ್ಲೇ ಇರುತ್ತಿದ್ದಳು. "ಅವು ಕೂಗಿದ್ರೆ ಇವಳೂ ಕೂಗ್ತಾಳೆ. ನನಗಂತೂ ಯಾರು ಯಾರು ಅಂತ ಗೊತ್ತಾಗಲ್ಲ."

ಯಾರೂ ನಗಲಿಲ್ಲ. ಯುನ್‌ಜಿ ಮಗಳ ಬಟ್ಟಲಿಗೆ ಮೀನಿನ ಉಂಡೆ ಹಾಕಿ, ಒಂದು ಪೆಟ್ಟಿಗೆ ಬಿಲ್ಲೆ ಕೊಂಡು ತರುತ್ತೇನೆ ಎಂದಳು.

"ಕೊಂಡು ತರೋದಾ?" ಕುಯ್‌ಲುವಾನ್ ಚಾಪ್‌ಸ್ಟಿಕ್ ಕೆಳಗಿಟ್ಟಳು. "ಈ ಓಣೀಲಿ ಯಾರ ಮನೇಲಾದ್ರೂ ಆಟಿಕೆ ಕೊಂಡು ತಂದಿದ್ದು ನೋಡಿದ್ದೀಯಾ? ಮೀನು ಹಿಡಿಯೋನು ಸಂತೇಲಿ ಮೀನು ಕೊಂಡ ಹಾಗೆ. ಜನ ನಗ್ತಾರೆ."

ಅದು ನಿಜವೇ ಆಗಿತ್ತು. ಓಣಿಯ ಒಂದೊಂದು ಮನೆಯಲ್ಲೂ ಛಾವಣಿಯವರೆಗೆ ಆಟಿಕೆ ಪೆಟ್ಟಿಗೆಗಳು ಏರಿರುತ್ತಿದ್ದವು. ಆಡಲಿಕ್ಕೆಂದು ಇಟ್ಟ ಆಟಿಕೆ ಯಾರ ಮನೆಯಲ್ಲೂ ಇರಲಿಲ್ಲ.

ಮಗ ಜೆಹುಯಿ ಅಚ್ಚಿನ ಯಂತ್ರದ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದಾಗ ಅತ್ತೆ ಸೊಸೆ ಇಬ್ಬರೂ ಅವನ ಮುಂದೆ ದೂರು ಇಟ್ಟರು. ಅವನು ಎರಡೂ ಕಡೆಗೆ ತಲೆಯಾಡಿಸಿ ಮಲಗಿಬಿಟ್ಟ. ಮೂರು ನಾಲ್ಕು ದಿನ ಕಳೆದ ಮೇಲೆ ಒಂದು ಪ್ಲಾಸ್ಟಿಕ್ ಚೀಲ ತಂದು ಮಗಳ ಮುಂದೆ ಸುರಿದ. ಬಣ್ಣ ಒಡೆದವು, ಮೂಲೆ ಮುಕ್ಕಾದವು, ಒಳಗೆ ಗುಳ್ಳೆ ಎದ್ದವು.

"ಕರಗಿಸೋಕೆ ಹಾಕಿದ್ರು. ಮೇಸ್ತ್ರಿನ ಕೇಳಿ ತಂದೆ. ಕದ್ದಿಲ್ಲ, ಕೊಂಡಿಲ್ಲ. ಇನ್ನು ಇಬ್ಬರೂ ನನ್ನ ನಿದ್ದೆ ಮಾಡೋಕೆ ಬಿಡಿ."

ಆತಾಂಗ್ ಬಹಳ ಹೊತ್ತು ಮುಟ್ಟಲಿಲ್ಲ. ಅಜ್ಜಿಯ ಮುಖ ನೋಡಿದಳು. "ತಗೋ, ಅದು ನಿಂದೇ," ಎಂದು ಅಜ್ಜಿಯೇ ಹೇಳಬೇಕಾಯಿತು. ಹುಡುಗಿ ಒಂದು ಕೆಂಪು ಬಿಲ್ಲೆಯನ್ನು ನೀಲಿಯ ಹತ್ತಿರ ಮೆಲ್ಲಗೆ ದೂಡಿದಳು. ಟಕ್ ಎಂದು ಅಂಟಿಕೊಂಡಿತು. ಅವಳು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡು, ಆಮೇಲೆ ಬಾಯಿ ತೆರೆದು ನಕ್ಕಳು. ಬಿಡಿಸಿದಳು, ಮತ್ತೆ ದೂಡಿದಳು. ಆ ಬೆಳಿಗ್ಗೆಯೆಲ್ಲ ಮನೆಯಲ್ಲಿ ಅದೇ ಸದ್ದು.

ಮುಂದಿನ ಕೆಲವು ವಾರ ಚೆನ್ನಾಗಿ ಕಳೆದವು. ಯುನ್‌ಜಿ ಪಾತ್ರೆ ತೊಳೆದು ಬಂದು ಮಗಳ ಪಕ್ಕ ನೆಲದ ಮೇಲೆ ಕೂರುತ್ತಿದ್ದಳು. ಏನು ಕಟ್ಟಬೇಕೆಂದು ಹೇಳಿಕೊಡಬಾರದು, ತಾನೇ ಕಟ್ಟಲಿ ಎಂದು ಟೀಚರ್ ಹೇಳಿದ್ದರಂತೆ. ಹುಡುಗಿ ಮೊದಲು ಉದ್ದಕ್ಕೆ ಹಾಸಿದಳು. ಆಮೇಲೆ ಒಂದನ್ನು ಎತ್ತಿ ನಿಲ್ಲಿಸಿದಳು. ಒಂದು ಮಧ್ಯಾಹ್ನ ಬಾಕ್‌ಸೆಂಗ್ ಆಗಷ್ಟೇ ಮೊಟ್ಟೆಯೊಡೆದು ಬಂದ ಹೆಬ್ಬಾತಿನ ಮರಿಯೊಂದನ್ನು ಅಂಗೈಯಲ್ಲಿ ತಂದು ನೆಲಕ್ಕೆ ಬಿಟ್ಟಾಗ ಅವಳು ಅದರ ಸುತ್ತ ಬಿಲ್ಲೆಗಳ ಬೇಲಿ ನಿಲ್ಲಿಸಿದಳು. ಒಂದು ಬಿಲ್ಲೆ ಕಡಿಮೆ ಬಿತ್ತು. ಅಜ್ಜನ ಕೈ ಹಿಡಿದು ಎಳೆದು ಆ ಸಂದಿಗೆ ಅಡ್ಡ ಇಟ್ಟಳು.

"ನನ್ನನ್ನೇ ಗೋಡೆ ಮಾಡಿಬಿಟ್ಟಳಲ್ಲ," ಎಂದು ಮುದುಕ ಊಟದವರೆಗೂ ಅಲ್ಲೇ ಬಗ್ಗಿ ಕೂತಿದ್ದ. ಕುಯ್‌ಲುವಾನ್ ಮೇಜಿನಿಂದಲೇ ನೋಡಿದಳು. ಹುಡುಗಿ ಯಾರನ್ನಾದರೂ ಆಟಕ್ಕೆ ಕರೆದದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಆ ತಿಂಗಳ ಹುಣ್ಣಿಮೆಗೆ ಮಕ್ಕಳನ್ನು ಕಾಯುವ ಮಂಚದ ತಾಯಿಗೆ ಎಡೆ ಇಡುವಾಗ ಒಂದು ಬಟ್ಟಲು ಹೆಚ್ಚಿಗೆ ಇಟ್ಟಳು.

ಅಷ್ಟರಲ್ಲಿ ಕಾರ್ಖಾನೆಗೆ ದೊಡ್ಡ ಆರ್ಡರ್ ಬಂತು. ಹೊರದೇಶದ ಹಬ್ಬಕ್ಕೆ ಮುಂಚೆ ಹಡಗು ಹತ್ತಬೇಕಾದ ಮಾಲು. ಯುನ್‌ಜಿಯನ್ನು ಹಗಲೆಲ್ಲ ಕಾರ್ಖಾನೆಯ ಪ್ಯಾಕಿಂಗ್ ಸಾಲಿಗೆ ಕರೆದರು. ಬರುವುದಿಲ್ಲ ಎಂದರೆ ಮುಂದೆ ಚೀಲಗಳೂ ಬರುವುದಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಹೊರಡುವಾಗ ಅವಳು ಅತ್ತೆಗೆ ಹೇಳಿದಳು, "ಸಂಜೆ ನಾನು ಬರೋವರೆಗೆ ಅವಳ ಬಿಲ್ಲೆ ಅವಳ ಮುಂದೆ ಹಾಕಿ ಆಮಾ. ಜೊತೆಗೆ ಸ್ವಲ್ಪ ಹೊತ್ತು ಕೂತ್ಕೊಳ್ಳಿ. ಸಾಕು."

"ಹೂಂ, ಕೂತ್ಕೊಳ್ತೀನಿ. ಚೀಲಗಳಿಗೆ ನಿಮ್ಮಮ್ಮ ಬರ್ತಾಳಾ?"

ಮನೆಯಲ್ಲಿ ಚೀಲಗಳು ಬಾಗಿಲಿಗೆ ಅಡ್ಡವಾಗುವಷ್ಟು ಬಿದ್ದಿದ್ದವು. ಚಾಂಗಿ ಮಧ್ಯಾಹ್ನವೂ ಬಂದು "ಏನಕ್ಕಾ, ಇಷ್ಟೇನಾ ಆಗಿರೋದು? ವಯಸ್ಸಾಯ್ತು ಅಂದ್ರೆ ಹೇಳಿಬಿಡಿ, ಪಕ್ಕದ ಮನೆಗೆ ಕೊಡ್ತೀನಿ," ಎಂದು ಚುಚ್ಚಿ ಹೋಗುತ್ತಿದ್ದಳು. ಕುಯ್‌ಲುವಾನ್ ಸೊಂಟ ಹಿಡಿದುಕೊಂಡು ತುಂಬಿದಳು. ಹೊಸ್ತಿಲ ಹತ್ತಿರ ಆತಾಂಗ್ ಒಬ್ಬಳೇ ಮುಕ್ಕಾದ ಬಿಲ್ಲೆಗಳನ್ನು ಕಟ್ಟುತ್ತಿದ್ದಳು. ಜೊತೆಗೆ ಕೂರುವವರು ಯಾರೂ ಇಲ್ಲವಾಗಿ ಒಂದು ದಿನ ಅದನ್ನೂ ಬಿಟ್ಟು ಎದ್ದು ಬಂದು ಮೇಜಿಗೆ ಗಲ್ಲವಿಟ್ಟು ನಿಂತಳು. ಅಜ್ಜಿ ಗದರಿಸುವ ಮೊದಲೇ ಚೀಲದಿಂದ ಒಂದು ಹಳದಿ ತ್ರಿಕೋನ ಆರಿಸಿ ತಟ್ಟೆಯ ಹಳದಿ ಗುಳಿಗೆ ಹಾಕಿದಳು. ಆಮೇಲೆ ಇನ್ನೊಂದು. ಹಸಿರು ಚೌಕದ ಗುಳಿಗೆ ಹಸಿರು ಚೌಕ.

ಕುಯ್‌ಲುವಾನಳ ಎತ್ತಿದ ಕೈ ಕೆಳಗಿಳಿಯಿತು. ತಟ್ಟೆ ತುಂಬಿತು. ಒಂದೂ ತಪ್ಪಿರಲಿಲ್ಲ.

"ಮುದುಕಾ, ಇಲ್ಲಿ ಬಾ, ನೋಡು," ಎಂದು ಹಿತ್ತಲಿಗೆ ಕೂಗಿದಳು. ಬಾಕ್‌ಸೆಂಗ್ ಕೆಸರುಗಾಲಲ್ಲೇ ಬಂದು ಬಾಗಿಲಲ್ಲಿ ನಿಂತ.

"ಇವಳಿಗೆ ಬುದ್ಧಿ ಇಲ್ಲ ಅಂದೋರು ಯಾರು? ಎದುರುಮನೆಯವಳ ಮೊಮ್ಮಗ ಎರಡನೇ ತರಗತಿ, ಅವನ ಕೈಲಿ ಆಗತ್ತಾ ಇದು?"

"ಸೊಸೆ ಅವಳದೇ ಬಿಲ್ಲೆ ಕೊಡಿ ಅಂದಿದ್ದಳಲ್ಲ."

"ಟೀಚರ್ ಏನಂದ್ರು? ಕೈಯಿಂದ ಕಲೀಲಿ ಅಂದ್ರು ತಾನೇ? ಇದು ಕೈ ಅಲ್ದೆ ಕಾಲಾ?"

ಮುದುಕ ತಲೆ ಕೆರೆದುಕೊಂಡು ಹೆಬ್ಬಾತುಗಳ ಕಡೆ ಹೋದ. ಕುಯ್‌ಲುವಾನ್ ಡಬ್ಬಿಯಿಂದ ಕಡಲೆಕಾಯಿ ಮಿಠಾಯಿಯ ತುಂಡೊಂದನ್ನು ತೆಗೆದು ಮೊಮ್ಮಗಳ ಅಂಗೈಯಲ್ಲಿಟ್ಟು, ಕೆನ್ನೆ ಹಿಂಡಿ, "ನನ್ನ ಚಿನ್ನ, ನನ್ನ ಜಾಣೆ," ಎಂದಳು. ಹುಡುಗಿಯನ್ನು ಆ ಮಾತಿನಿಂದ ಅವಳು ಕರೆದದ್ದು ಅದೇ ಮೊದಲು.

ಹಾಗೆ ಶುರುವಾದದ್ದು ದಿನದ ಪಾಠವಾಯಿತು. ಬೆಳಿಗ್ಗೆ ಗಂಜಿ ಕುಡಿದವಳೇ ಆತಾಂಗ್ ಅಜ್ಜಿಯ ಬೆರಳು ಹಿಡಿದು ಮೇಜಿಗೆ ಎಳೆಯುತ್ತಿದ್ದಳು. ತಟ್ಟೆ ತುಂಬಿಸಿ, ಮುಂದಕ್ಕೆ ತಳ್ಳಿ, ಅಂಗೈ ಚಾಚುತ್ತಿದ್ದಳು. ಅಜ್ಜಿ ಮಿಠಾಯಿ ಇಡುತ್ತಿದ್ದಳು, ಜಾಣೆ ಎನ್ನುತ್ತಿದ್ದಳು. ಸಂಜೆ ಯುನ್‌ಜಿ ಬರುವ ಹೊತ್ತಿಗೆ ಅವಳನ್ನು ಮತ್ತೆ ಹೊಸ್ತಿಲ ಹತ್ತಿರ ಕೂರಿಸಿ ಹಳೆಯ ಬಿಲ್ಲೆಗಳನ್ನು ಮುಂದೆ ಹರಡುತ್ತಿದ್ದಳು. ಮುಚ್ಚಿಡಬೇಕೆಂದು ಅವಳು ಯೋಚಿಸಿ ಮಾಡಿದ್ದಲ್ಲ. ದಣಿದು ಬಂದವಳ ಜೊತೆ ಜಗಳ ಯಾಕೆ ಎಂದಷ್ಟೇ.

ಗೊತ್ತಾದದ್ದು ಯುನ್‌ಜಿಗೆ ಬಿಡುವು ಸಿಕ್ಕ ದಿನ. ಮಗಳ ಪಕ್ಕ ಕೂತು ಹಳೆಯ ಬಿಲ್ಲೆಗಳಿಂದ ಗೋಪುರವೊಂದನ್ನು ಅರ್ಧ ಕಟ್ಟಿ, ಉಳಿದದ್ದು ನೀನು ಕಟ್ಟು ಎಂಬಂತೆ ಬಿಟ್ಟಳು. ಹುಡುಗಿ ಅದನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿದಳು. ಕೆಂಪಿನ ಮೇಲೆ ಕೆಂಪು, ನೀಲಿಯ ಮೇಲೆ ನೀಲಿ ಪೇರಿಸಿದಳು. ತಾಯಿಯ ಮುಂದೆ ತಳ್ಳಿ ಅಂಗೈ ಚಾಚಿದಳು.

ಯುನ್‌ಜಿ ಆ ಕೈಯನ್ನು ನೋಡಿ ಎದ್ದು ಅಡಿಗೆಮನೆಗೆ ಬಂದಳು.

"ಏನು ಕಲಿಸಿದ್ದೀರ ಇವಳಿಗೆ?"

ಕುಯ್‌ಲುವಾನ್ ಸಾಸಿವೆ ಸೊಪ್ಪಿಗೆ ಉಪ್ಪು ತಿಕ್ಕುತ್ತಿದ್ದಳು. "ಏನು ಕಲಿಸಿದೆ? ತಟ್ಟೆ ತುಂಬೋದು ಕಲಿತಳು. ನಿನಗಿಂತ ಚುರುಕು ಕೈ."

"ತಟ್ಟೆ ತುಂಬೋಕೆ ಮನೇಲಿ ಜನ ಇಲ್ವಾ? ಅವಳು ಕಟ್ಟೋದು ಕಲೀಬೇಕಿತ್ತು. ಬೇರೆ ಮಕ್ಕಳ ಜೊತೆ ಕೂತು ಕಟ್ಟೋದು."

"ಕಟ್ಟೋದು, ಕಟ್ಟೋದು. ಕಟ್ಟಿ ಏನು, ಅದರೊಳಗೆ ವಾಸ ಇರ್ತಾಳಾ? ಬಣ್ಣ ಗೊತ್ತಾಯ್ತು, ಆಕಾರ ಗೊತ್ತಾಯ್ತು, ಒಂದು ಕಡೆ ಕೂತ್ಕೊಳ್ಳೋದು ಗೊತ್ತಾಯ್ತು. ಇಷ್ಟು ದಿನ ಯಾರಿಂದ ಆಗಿತ್ತು ಅದು? ನೀನು ಬೆಳಿಗ್ಗೆ ಹೋಗ್ತೀಯ, ಸಂಜೆ ಬರ್ತೀಯ. ಹಗಲೆಲ್ಲ ನೋಡ್ಕೊಳ್ಳೋಳು ನಾನು."

"ನಾನು ನನ್ನ ಸುಖಕ್ಕೆ ಹೋಗ್ತೀನಾ?"

"ನಾನೇನು ನನ್ನ ಸುಖಕ್ಕೆ ಕೂತಿದ್ದೀನಾ ಇಲ್ಲಿ?"

ಜೆಹುಯಿ ಒಳಗಿನಿಂದ ನಿದ್ದೆಗಣ್ಣಲ್ಲಿ ಬಂದು ಬಾಗಿಲಿಗೆ ಒರಗಿದ. "ಬೇರ್ಪಡಿಸೋದೂ ಒಂದು ಕಲಿಕೆ ಅಲ್ವಾ ಯುನ್‌ಜಿ? ಟೀಚರ್‌ಗೆ ಖುಷಿ ಆಗತ್ತೆ ಬಿಡು."

"ನೀವು ಮಲಗಿ," ಎಂದಳು ಯುನ್‌ಜಿ. "ನೀವು ಮಲಗಿದ್ರೇನೇ ಈ ಮನೆಗೆ ಒಳ್ಳೇದು."

ಅಂದಿನಿಂದ ಕುಯ್‌ಲುವಾನ್ ಮೊಮ್ಮಗಳನ್ನು ಮೇಜಿಗೆ ಕೂರಿಸಲಿಲ್ಲ. ಹುಡುಗಿ ಬಂದು ಬೆರಳು ಎಳೆದಳು, ಅಂಗಿಯ ಅಂಚು ಎಳೆದಳು, ಕೊನೆಗೆ ನೆಲಕ್ಕೆ ಬಿದ್ದು ಹಣೆ ಚಚ್ಚಿಕೊಂಡಳು. ಎರಡು ದಿನ ಅಜ್ಜಿ ಹಲ್ಲು ಕಚ್ಚಿ ಸಹಿಸಿದಳು. ಮೂರನೆಯ ದಿನ, ಹಣೆಯ ಮೇಲೆ ಕಂದಿದ ಗಂಟು ನೋಡಲಾರದೆ, ಒಂದೇ ಒಂದು ತಟ್ಟೆ ಕೊಟ್ಟಳು. ಆಮೇಲೆ ಒಂದು ಎಂಬುದು ಒಂದಾಗಿ ಉಳಿಯಲಿಲ್ಲ. ಯುನ್‌ಜಿ ಸಂಜೆ ಬಂದು ಕೇಳುತ್ತಿರಲಿಲ್ಲ. ದಿನವಿಡೀ ನಿಂತು ಅವಳ ಪಾದಗಳು ಊದಿರುತ್ತಿದ್ದವು. ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು, ಮಗಳನ್ನು ತೊಡೆಗೊರಗಿಸಿಕೊಂಡು, ಕಟ್ಟುವ ಆಟ ಆಡಿಸುತ್ತ ಆಡಿಸುತ್ತಲೇ ತೂಕಡಿಸುತ್ತಿದ್ದಳು.

ಚಳಿಗಾಲದ ಹಬ್ಬ ಬಂತು. ಬೆಲ್ಲದ ನೀರಿನಲ್ಲಿ ಅಕ್ಕಿ ಉಂಡೆ ಬೇಯಿಸಿದರು. ಅದನ್ನು ತಿಂದರೆ ಎಲ್ಲರಿಗೂ ಒಂದು ವರ್ಷ ಹೆಚ್ಚಾದ ಲೆಕ್ಕ. "ನಮ್ಮ ಹುಡುಗಿ ದೊಡ್ಡವಳಾದಳು," ಎಂದು ಬಾಕ್‌ಸೆಂಗ್ ತನ್ನ ಪಾಲಿನ ಗುಲಾಬಿ ಉಂಡೆಯನ್ನೂ ಅವಳ ಬಟ್ಟಲಿಗೆ ಹಾಕಿದ. ಯುನ್‌ಜಿ ಮಗಳಿಗೆ ಹೊಸ ಅಂಗಿ ಹೊಲಿಸಿದ್ದಳು. ಕುಯ್‌ಲುವಾನ್ ತಲೆಗೆ ಎಣ್ಣೆ ಸವರಿ ಎರಡು ಜಡೆ ಬಿಗಿಯಾಗಿ ಹಾಕಿದಳು. ಅತ್ತೆ ಸೊಸೆ ಆ ಎರಡು ದಿನ ಒಬ್ಬರ ಮೇಲೊಬ್ಬರು ದನಿ ಏರಿಸಲಿಲ್ಲ.

ಶಿಶುವಿಹಾರಕ್ಕೆ ಅಜ್ಜಿ, ತಾಯಿ, ಮಗಳು ಮೂವರೂ ಹೋದರು. ಲೋ ಟೀಚರ್ ಚಿಕ್ಕ ವಯಸ್ಸಿನವಳು. ಹುಡುಗಿಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಕೈ ಕುಲುಕಿ ಒಳಗೆ ಕರೆದೊಯ್ದಳು. ದೊಡ್ಡವರಿಗೆ ಗೋಡೆಯ ಬದಿಯ ಪುಟ್ಟ ಕುರ್ಚಿಗಳು. ಕೋಣೆಯ ನಡುವೆ ನಾಲ್ಕೈದು ಮಕ್ಕಳು ಅದೇ ಬಿಲ್ಲೆಗಳಿಂದ ಏನೋ ಕಟ್ಟುತ್ತಿದ್ದರು. ಎರಡು ಗೋಪುರ, ನಡುವೆ ಸೇತುವೆ, ಕೆಳಗೆ ಆಟದ ಕಾರುಗಳು. ಬಿಸಿಲು ಬಿದ್ದು ನೆಲವೆಲ್ಲ ಕೆಂಪು ಹಸಿರಾಗಿತ್ತು.

"ಆತಾಂಗ್ ಕೂಡ ನಿಮ್ಮ ಜೊತೆ ಸೇರ್ತಾಳೆ. ಜಾಗ ಬಿಡಿ ನೋಡೋಣ," ಎಂದಳು ಟೀಚರ್.

ಆತಾಂಗ್ ಕೂತಳು. ಬಿಲ್ಲೆಗಳನ್ನು ಕಂಡು ಅವಳ ಮುಖ ಅರಳಿತು. ಯುನ್‌ಜಿ ಅತ್ತೆಯ ಮೊಣಕೈ ಹಿಡಿದುಕೊಂಡಳು. ಸೊಸೆ ಮದುವೆಯಾಗಿ ಬಂದಾಗಿನಿಂದ ಹಾಗೆ ತನ್ನ ಕೈ ಹಿಡಿದದ್ದು ಕುಯ್‌ಲುವಾನಳಿಗೆ ನೆನಪಿರಲಿಲ್ಲ.

ಹುಡುಗಿ ಸ್ವಲ್ಪ ಹೊತ್ತು ಗೋಪುರವನ್ನು ನೋಡಿದಳು. ಆಮೇಲೆ ಕೈ ಚಾಚಿ ತುದಿಯ ಹಳದಿ ತ್ರಿಕೋನವನ್ನು ತೆಗೆದಳು.

"ಏಯ್, ಅದು ಛಾವಣಿ," ಎಂದ ಒಬ್ಬ ಹುಡುಗ.

ಅವಳು ಇನ್ನೊಂದು ತೆಗೆದಳು. ಬೆರಳುಗಳು ಓಡಿದವು. ಹಳದಿ ಹಳದಿಗೆ, ಹಸಿರು ಹಸಿರಿಗೆ. ಸೇತುವೆ ಕಳಚಿತು, ಕಾರುಗಳು ಉರುಳಿದವು. ಒಬ್ಬ ಹುಡುಗಿ ಅಳತೊಡಗಿದಳು. "ಟೀಚರ್, ಇವಳು ಕೆಡವ್ತಿದ್ದಾಳೆ. ಟೀಚರ್, ಬೇಡ ಅಂದ್ರೂ ಕೇಳ್ತಿಲ್ಲ." ಆತಾಂಗ್ ಅವರ ಕಡೆ ತಿರುಗಲಿಲ್ಲ. ಅಳುತ್ತಿದ್ದವಳ ಮುಷ್ಟಿಯಲ್ಲಿದ್ದ ಕೊನೆಯ ನೀಲಿ ಬಿಲ್ಲೆಯನ್ನೂ ಬಿಡಿಸಿಕೊಂಡು ನೀಲಿಯ ರಾಶಿಗೆ ಸೇರಿಸಿದಳು. ತಟ್ಟೆಗಾಗಿ ಸುತ್ತ ಹುಡುಕಿದಳು. ಇರಲಿಲ್ಲ. ಅಚ್ಚುಕಟ್ಟಾಗಿ ಪೇರಿಸಿದ ಸಾಲನ್ನು ಎರಡು ಕೈಯಿಂದ ಟೀಚರ್ ಮುಂದೆ ತಳ್ಳಿ ಅಂಗೈ ಚಾಚಿದಳು.

ಟೀಚರಿಗೆ ಅರ್ಥವಾಗಲಿಲ್ಲ. ಆ ಅಂಗೈಯನ್ನು ಹಿಡಿದು ಕುಲುಕಿದಳು. ಆತಾಂಗ್ ಬಿಡಿಸಿಕೊಂಡು ಮತ್ತೆ ಚಾಚಿದಳು. ಕುಯ್‌ಲುವಾನಳ ಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಮಿಠಾಯಿ ಇತ್ತು. ಹುಡುಗಿ ಅತ್ತರೆ ಬೇಕಾಗಬಹುದೆಂದು ತಂದದ್ದು. ಎದ್ದು ಹೋಗಿ ಕೊಡಬೇಕೆನಿಸಿತು. ಪಕ್ಕದಲ್ಲಿ ಸೊಸೆ ಮೊಣಕೈ ಬಿಟ್ಟಿದ್ದಳು. ಕುಯ್‌ಲುವಾನ್ ಏಳಲಿಲ್ಲ. ಹುಡುಗಿ ಕೈ ಚಾಚಿಕೊಂಡೇ ಬಹಳ ಹೊತ್ತು ಕೂತಿದ್ದಳು.

"ಕೈ ತುಂಬ ಚುರುಕಾಗಿದೆ," ಎಂದಳು ಲೋ ಟೀಚರ್ ಹೊರಗೆ ಬಂದು. ಅವಳ ಮುಖವೂ ಬಾಡಿತ್ತು. "ಆದ್ರೆ ಬೇರೆ ಮಕ್ಕಳು ಇದ್ದಾರೆ ಅಂತಾನೇ ಅವಳಿಗೆ ಕಾಣಿಸಲಿಲ್ಲ. ಒಂದು ಮಗುವಿಗಾಗಿ ಒಬ್ಬ ಟೀಚರನ್ನ ಇಡೋಷ್ಟು ಜನ ನಮ್ಮಲ್ಲಿಲ್ಲ. ನಗರದಲ್ಲಿ ಬೇರೆ ಥರದ ಶಾಲೆ ಇದೆಯಂತೆ. ವಿಚಾರಿಸಿ."

"ಅಲ್ಲಿ ವಿಚಾರಿಸಿದ್ದೀನಿ. ಜೊತೆಗೆ ಒಬ್ಬರು ಅಲ್ಲೇ ಇರಬೇಕಂತೆ," ಎಂದಳು ಯುನ್‌ಜಿ. "ಮುಂದಿನ ವರ್ಷ ಇನ್ನೊಂದು ಸಲ ಕರ್ಕೊಂಡು ಬರ್ಲಾ?"

"ಮುಂದಿನ ವರ್ಷ ಅವಳಿಗೆ ಇಲ್ಲಿಯ ವಯಸ್ಸು ಮುಗಿದಿರತ್ತಲ್ಲಮ್ಮ."

ದಾರಿಯಲ್ಲಿ ಕುಯ್‌ಲುವಾನ್ ಬೈಗುಳಕ್ಕಾಗಿ ಕಾದಳು. ಏನೆಂದು ಬೈದರೂ ತಿರುಗಿ ಮಾತಾಡಬಾರದೆಂದು ನಿಶ್ಚಯಿಸಿಕೊಂಡಿದ್ದಳು. ಯುನ್‌ಜಿ ಬಸ್ಸಿನಲ್ಲಿ ಮಗಳ ಜಡೆಯ ತುದಿ ಬಿಚ್ಚಿಕೊಂಡಿದ್ದನ್ನು ಮತ್ತೆ ಕಟ್ಟಿದಳು. ಮನೆಗೆ ಬಂದು ಒಣಗಿದ ಬಟ್ಟೆಗಳನ್ನು ಮಡಚಿದಳು. ಊಟಕ್ಕೆ ಕೂತಾಗ ಜೆಹುಯಿ ಏನಾಯಿತೆಂದು ಕೇಳಿದ. "ಆಗಲ್ಲ ಅಂದ್ರು," ಎಂದಳು. ಬಾಕ್‌ಸೆಂಗ್ ಚಹಾದ ಪುಟ್ಟ ಬಟ್ಟಲನ್ನು ಬಾಯಿಯವರೆಗೆ ತಂದು ಹಾಗೇ ಕೆಳಗಿಟ್ಟ.

"ನಾನೇ ಕೆಡಿಸಿದೆ ಅಂತ ಹೇಳು," ಎಂದಳು ಕುಯ್‌ಲುವಾನ್ ಕೊನೆಗೆ. "ಬಾಯಿಬಿಟ್ಟು ಹೇಳಿಬಿಡು."

"ಹೇಳಿ ಏನು ಮಾಡ್ಲಿ, ಆಮಾ? ಗಂಜಿ ಆರ್ತಿದೆ, ಉಣ್ಣಿ."

ಮರುದಿನ ಬೆಳಿಗ್ಗೆ ಯುನ್‌ಜಿ ಕಾರ್ಖಾನೆಗೆ ಹೋಗಲಿಲ್ಲ. ಅಲ್ಲಿಯ ಅವಸರ ಮುಗಿದಿತ್ತು. ನೆಲ ಗುಡಿಸಿ, ಮೇಜು ಒರೆಸಿ, ಮೇಜಿಗೆ ಮೂರು ಸ್ಟೂಲು ಎಳೆದಳು. ಮಗಳನ್ನು ಎತ್ತಿ ನಡುವಿನ ಸ್ಟೂಲಿನ ಮೇಲೆ ಕೂರಿಸಿ, ಅವಳ ಮುಂದೆ ಖಾಲಿ ತಟ್ಟೆ ಇಟ್ಟು, ಅವಳ ಅಂಗಿಯ ತೋಳು ಮಡಚಿದಳು. ಕುಯ್‌ಲುವಾನ್ ಒಲೆಯ ಬಳಿಯಿಂದ ಓಡಿ ಬಂದಳು.

"ಬೇಡ ಯುನ್‌ಜಿ. ಅವಳಿಗೆ ಬೇಡ ಅದು. ಹೊರಗೆ ಹೋಗಿ ಆಡ್ಕೊಳ್ಲಿ ಬಿಡು."

ಯುನ್‌ಜಿ ಚೀಲದ ಬಾಯಿ ಬಿಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಯಾರ ಜೊತೆ, ಆಮಾ?"

ಆತಾಂಗ್ ಆಗಲೇ ಶುರುಮಾಡಿದ್ದಳು. ತಾಯಿ ಒಂದು ಮಗ್ಗುಲಿಗೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಮಗ್ಗುಲಿಗೆ ಕುಯ್‌ಲುವಾನ್ ಕೂತಳು. ಬಾಗಿಲಲ್ಲಿ ಗಾಡಿ ನಿಂತು ಚಾಂಗಿ ಚೀಲ ಇಳಿಸಲು ಒಳಗೆ ಬಂದಳು. ಮೇಜಿನ ಮೇಲೆ ಓಡುತ್ತಿದ್ದ ಪುಟ್ಟ ಕೈಗಳನ್ನು ನೋಡುತ್ತ ನಿಂತುಬಿಟ್ಟಳು.

"ಅಬ್ಬಾ, ಇವಳು ನಮ್ಮೆಲ್ಲರನ್ನೂ ಮೀರಿಸ್ತಾಳೆ. ಈಗ ಮೂರು ಜನ ಆದ್ರಿ. ನಾಳೆಯಿಂದ ಒಂದು ಚೀಲ ಜಾಸ್ತಿ ಇಡ್ಲಾ?"

ಕುಯ್‌ಲುವಾನ್ ಸೊಸೆಯ ಮುಖ ನೋಡಿದಳು.

"ಇಡಿ," ಎಂದಳು ಯುನ್‌ಜಿ.